ಕೆಟ್ಟ ತಂಬೂರಿಯ ಪರವಾಗಿ

ನಮ್ಮ ಕಾಲೇಜಿನ ಉಗ್ರಾಣದ ಕೋಣೆಯಲ್ಲಿ, ಕಾಲು ಮುರಿದ ಬೆಂಚುಗಳ ಹಿಂದೆ, ಗೋಡೆಗೆ ಮೊಗಮಾಡಿ ನಿಂತ ತಂಬೂರಿಯೊಂದಿದೆ. ಕಳೆದ ಸ್ನೇಹಸಮ್ಮೇಳನದ ವೇಳೆಗೆ ಪರದೆಯ ಬಟ್ಟೆ ಹುಡುಕಲು ಹೋದಾಗ ನನಗೆ ಅದರ ದರ್ಶನವಾಯಿತು. ಎರಡು ತಂತಿ ಹರಿದಿದ್ದವು. ಒಂದು ಬಿರಡೆ ಇರಲಿಲ್ಲ. ಬುರುಡೆಯ ಬೆನ್ನಿನ ಮೇಲೆ ಗೇಣುದ್ದದ ಬಿರುಕು. ಕೊರಳಿಗೆ ದಾರದಿಂದ ಕಟ್ಟಿದ ಚೀಟಿಯ ಮೇಲೆ 'ನಿರುಪಯುಕ್ತ' ಎಂದು ಕೆಂಪು ಶಾಯಿಯಲ್ಲಿ ಬರೆದಿತ್ತು. ವಿಚಾರಿಸಲಾಗಿ, ಹರಾಜಿಗೆ ಹೋಗುವ ಹಳೆಯ ಸಾಮಾನುಗಳ ಯಾದಿಯಲ್ಲಿ ಅದೂ ಸೇರಿದೆಯೆಂದೂ, ಅದರ ಸ್ಥಾನಕ್ಕೆ ವಿದ್ಯುತ್ತಿನ ತಂಬೂರಿಯೊಂದನ್ನು ಕೊಳ್ಳುವ ವಿಚಾರವಿದೆಯೆಂದೂ ತಿಳಿಯಿತು.

ಹೊಸದನ್ನು ಕೊಳ್ಳುವುದಕ್ಕೆ ನನ್ನ ವಿರೋಧವಿಲ್ಲ. ನನ್ನ ತಕರಾರು ಇರುವುದು ಆ ಚೀಟಿಯ ಮೇಲಿನ ಒಂದು ಶಬ್ದದ ಬಗ್ಗೆ. ಕೆಟ್ಟದ್ದು ಬೇರೆ, ನಿರುಪಯುಕ್ತವಾದದ್ದು ಬೇರೆ. ಕೆಟ್ಟದ್ದೆಲ್ಲ ನಿರುಪಯುಕ್ತವೆಂದಾದರೆ ನಮ್ಮಂಥ ವಿದ್ಯಾರ್ಥಿಗಳಲ್ಲಿ ಎಷ್ಟು ಜನರಿಗೆ ಆ ಚೀಟಿ ಕಟ್ಟಬೇಕಾದೀತೋ, ಪರೀಕ್ಷೆಯ ಉತ್ತರಪತ್ರಿಕೆಗಳನ್ನು ನೋಡಿದ ಗುರುಗಳೇ ಬಲ್ಲರು! ವಿನೋದ ಹಾಗಿರಲಿ. ಈ ವ್ಯತ್ಯಾಸವನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ನಮ್ಮ ಮನೆಯ ತಂಬೂರಿಯಿಂದ. ಆ ಕಥೆಯನ್ನು ಹೇಳಿದ ಮೇಲೆ ನನ್ನ ವಾದವನ್ನು ವಾಚಕರ ಮುಂದಿಡುತ್ತೇನೆ.

ನಮ್ಮ ಊರು ಬಾದಾಮಿ ತಾಲೂಕಿನ ಚೊಳಚಗುಡ್ಡ. ಈ ಹೆಸರು ಕೇಳದವರೂ ಬನಶಂಕರಿಯ ಜಾತ್ರೆಯ ಹೆಸರು ಕೇಳಿರುತ್ತಾರೆ. ಆ ತಾಯಿಯ ಗುಡಿ ಇರುವುದು ನಮ್ಮಲ್ಲಿಯೇ. ಪುಷ್ಯ ಮಾಸದ ಬನದ ಹುಣ್ಣಿಮೆಗೆ ತೇರು ಎಳೆದ ಮೇಲೆ ಬೇರೆ ಊರುಗಳಲ್ಲಿಯಾದರೆ ಜಾತ್ರೆ ಮುಗಿಯುತ್ತದೆ. ನಮ್ಮಲ್ಲಿ ಆಗ ಆರಂಭವಾಗುತ್ತದೆ. ನಾಟಕ ಕಂಪನಿಗಳು ಸಾಲಾಗಿ ತಗಡಿನ ಥೇಟರುಗಳನ್ನು ಹೂಡಿ ತಿಂಗಳುಗಟ್ಟಲೆ ರಾತ್ರಿಯಿಡೀ ಆಟವಾಡುತ್ತವೆ. ಇನ್ನೊಂದು ಬದಿಗೆ ಬಡಿಗರು ಮರದ ಬಾಗಿಲು ಚೌಕಟ್ಟುಗಳನ್ನು ಸಾಲಾಗಿ ನಿಲ್ಲಿಸಿ ಮಾರುತ್ತಾರೆ. ಮನೆ ಕಟ್ಟಿಸುವವರು ಅದಕ್ಕಾಗಿಯೇ ದೂರದಿಂದ ಬರುತ್ತಾರೆ. ನಾಟಕ ನೋಡಿ, ಬಾಗಿಲು ಕೊಂಡು, ಬಂಡಿಯಲ್ಲಿಯೋ ಟ್ರ್ಯಾಕ್ಟರಿನಲ್ಲಿಯೋ ಹೇರಿಕೊಂಡು ಹೋಗುವುದು ನಮ್ಮ ಸೀಮೆಯ ಪದ್ಧತಿ.

ನನ್ನ ಅಜ್ಜ ಭಜನೆಯ ಹಾಡುಗಾರ. ಅವರಲ್ಲಿ ಮಿರಜದಿಂದ ತಂದ ಒಂದು ತಂಬೂರಿ ಇತ್ತು. ಜಾತ್ರೆಯ ದಿನಗಳಲ್ಲಿ ಕಂಪನಿಯ ಹಾಡುವ ನಟರು ಮಧ್ಯಾಹ್ನ ನಮ್ಮ ಮನೆಗೆ ರೊಟ್ಟಿ ಊಟಕ್ಕೆ ಬಂದು, ಕೈ ತೊಳೆದು, ಆ ತಂಬೂರಿಯನ್ನು ಶ್ರುತಿ ಮಾಡಿಕೊಂಡು ಕೂಡುವುದನ್ನು ನಾನು ಚಿಕ್ಕವಳಿದ್ದಾಗ ನೋಡಿದ್ದೇನೆ. ರಾತ್ರಿ ಪೇಟಿಯ ಮುಂದೆ ಕಿರುಚಿ ಕಿರುಚಿ ಹರಿದ ಕಂಠ ಮಧ್ಯಾಹ್ನ ತಂಬೂರಿಯ ಬಳಿ ಬಂದು ಮತ್ತೆ ಒಂದಾಗುತ್ತದೆ ಎಂದು ಅವರಲ್ಲೊಬ್ಬರು ಹೇಳುತ್ತಿದ್ದರು.

2019ರ ಆಗಸ್ಟಿನಲ್ಲಿ ಮಲಪ್ರಭೆಗೆ ನೆರೆ ಬಂದಿತು. ನಾನಾಗ ಎಂಟನೆಯ ಇಯತ್ತೆಯಲ್ಲಿದ್ದೆ. ನೀರು ಮನೆಯೊಳಗೆ ಬಂದ ರಾತ್ರಿ ಕಾಳಿನ ಚೀಲ, ದನಕರು, ಹಾಸಿಗೆ ಇವುಗಳ ಚಿಂತೆಯಲ್ಲಿ ತಂಬೂರಿಯ ನೆನಪು ಯಾರಿಗಾದೀತು? ನೀರು ಇಳಿದ ಮೇಲೆ ನೋಡಿದರೆ ಅದು ಕೆಸರಿನಲ್ಲಿ ಬೋರಲು ಬಿದ್ದಿತ್ತು. ಬುರುಡೆ ಮತ್ತು ದಂಡಿ ಕೂಡುವ ಸಂದು ಬಾಯಿ ಬಿಟ್ಟಿತ್ತು. ಬುರುಡೆ ಒಂದು ಕಡೆ ಸೀಳಿತ್ತು. ಮೇಲಿನ ತೆಳುಹಲಗೆ ಉಬ್ಬಿತ್ತು.

ಮುಂದಿನ ಜಾತ್ರೆಗೆ ನಮ್ಮ ಸೋದರಮಾವ ಅದನ್ನು ಬಾಗಿಲು ಮಾರಲು ಬಂದಿದ್ದ ಬಡಿಗರೊಬ್ಬರಿಗೆ ಕೊಟ್ಟರು. ಮರದ ಕೆಲಸವೆಂದ ಮೇಲೆ ಮರದ ಕೆಲಸ ಬಲ್ಲವರಿಗೆ ಕೊಡುವುದು ಸಹಜವಲ್ಲವೆ? ಆ ಹಿರಿಯರು ನಿಷ್ಠೆಯಿಂದ ದುಡಿದರು. ಸಂದಿಗೆ ಕಲ್ಲಿನಂತೆ ಗಟ್ಟಿಯಾಗುವ ಅಂಟು ಹಾಕಿ ಎರಡು ತಿರುಪು ಬಿಗಿದರು. ಹಲಗೆಯ ಕೆಳಗೆ ದಪ್ಪನೆಯ ತುಂಡೊಂದನ್ನು ಕೊಟ್ಟು ಬಲಪಡಿಸಿದರು. ತಂತಿ ಕೂಡುವ ಕುದುರೆಯ ಮೇಲ್ಮೈ ಸಪಾಟಾಗಿಲ್ಲವೆಂದು ಅದನ್ನು ಚೆನ್ನಾಗಿ ಉಜ್ಜಿ, ಅದನ್ನೂ ಹಲಗೆಗೆ ಅಂಟಿಸಿಬಿಟ್ಟರು. ಕೊಡುವಾಗ ತಂತಿ ಮೀಟಿ ತೋರಿಸಿ, "ಇನ್ನ ಜುಂಯ್ ಅನ್ನಂಗಿಲ್ಲ ನೋಡ್ರಿ, ಯಜಮಾನರ" ಎಂದು ಹೆಮ್ಮೆಯಿಂದ ಹೇಳಿದರು.

ಅಜ್ಜ ಒಮ್ಮೆ ನಾಲ್ಕೂ ತಂತಿಗಳ ಮೇಲೆ ಬೆರಳಾಡಿಸಿ, ಬಡಿಗರಿಗೆ ಕೂಲಿ ಕೊಡಿಸಿ, ಚಹಾ ಕುಡಿಸಿ ಕಳಿಸಿದರು. ಆಮೇಲೆ ತಂಬೂರಿಗೆ ಗವಸು ಹಾಕಿ ಮೂಲೆಯಲ್ಲಿಟ್ಟರು. ಅಷ್ಟರಲ್ಲಿ ಕೊರೊನಾ ಬಂದಿತು, ಭಜನೆಯೇ ನಿಂತಿತು. ಮೂರು ವರ್ಷ ಆ ಗವಸನ್ನು ಯಾರೂ ಬಿಚ್ಚಲಿಲ್ಲ.

ಇಲ್ಲಿ ವಾಚಕರು ಕೇಳಬಹುದು: ಜುಂಯ್ ಎನ್ನುವುದು ನಿಂತರೆ ಒಳ್ಳೆಯದೇ ಆಯಿತಲ್ಲ? ಇದಕ್ಕೆ ಉತ್ತರ ಹೇಳಬೇಕಾದರೆ ತಂಬೂರಿಯ ಒಡಲನ್ನು ಸ್ವಲ್ಪ ನೋಡಬೇಕು.

ಕೆಳಗೆ ಒಣಗಿದ ಸೋರೆಯ ಬುರುಡೆ. ಅದರ ಬಾಯಿಗೆ ಮುಚ್ಚಿದ ತೆಳುಮರದ ಹಲಗೆ, ಅದೇ ತಬಲಿ. ಮೇಲಕ್ಕೆ ಟೊಳ್ಳಾದ ದಂಡಿ. ದಂಡಿಯ ತಲೆಗೆ ನಾಲ್ಕು ಬಿರಡೆ. ತಬಲಿಯ ಮೇಲೆ ನಿಲ್ಲುವ ಕುದುರೆಗೆ ಸಂಗೀತಗಾರರು ಘೋಡಿ ಎನ್ನುತ್ತಾರೆ. ನಾಲ್ಕು ತಂತಿಗಳಲ್ಲಿ ಮೊದಲನೆಯದು ಸಾಮಾನ್ಯವಾಗಿ ಪಂಚಮ, ನಡುವಿನ ಎರಡು ಜೋಡಿ ಷಡ್ಜ, ಕೊನೆಯದು ಹಿತ್ತಾಳೆಯ ಮಂದ್ರ ಷಡ್ಜ. ಬರಿಯ ತಂತಿಯ ದನಿ ಎದುರಿಗೆ ಕುಳಿತವರಿಗೂ ಸರಿಯಾಗಿ ಕೇಳಿಸದು. ತಂತಿಯ ನಡುಕ ಘೋಡಿಗೆ ಇಳಿದು, ಘೋಡಿಯಿಂದ ತಬಲಿಗೆ ಹಬ್ಬಿ, ತಬಲಿಯಿಂದ ಬುರುಡೆಯೊಳಗಿನ ಗಾಳಿಗೆ ತಲುಪಿದಾಗಲೇ ಕೋಣೆ ತುಂಬುವ ನಾದ. ತಬಲಿ ತೆಳುವಾಗಿದ್ದಷ್ಟೂ ಅದು ಸಲೀಸಾಗಿ ಕಂಪಿಸುತ್ತದೆ. ಅದಕ್ಕೆ ದಪ್ಪ ತುಂಡು ಕೊಟ್ಟು ಬಲಪಡಿಸಿದರೆ ಮಾತಾಡುವವನ ಬಾಯಿಗೆ ಬಟ್ಟೆ ತುರುಕಿದಂತೆ.

ಘೋಡಿಯ ಗುಟ್ಟು ಇನ್ನೂ ಸೂಕ್ಷ್ಮ. ಅದರ ಅಗಲವಾದ ಮೇಲ್ಮೈ ಸಪಾಟಲ್ಲ, ಅತ್ಯಲ್ಪವಾಗಿ ಬಾಗಿದ್ದು. ತಂತಿ ನಡುಗುವಾಗ ಆ ಬಾಗನ್ನು ಸವರಿ ಸವರಿ ಏಳುತ್ತದೆ. ತಂತಿಗೂ ಘೋಡಿಗೂ ನಡುವೆ ಒಂದು ನೂಲಿನೆಳೆಯನ್ನು ಸೇರಿಸಿ, ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿದಾಗ ಒಂದು ಜಾಗದಲ್ಲಿ ನಾದ ಒಮ್ಮೆಲೇ ಅರಳುತ್ತದೆ. ಆ ಎಳೆಗೆ ಜೀವಾಳವೆಂದು ಹೆಸರು. ಘೋಡಿಯನ್ನು ಈ ಹದಕ್ಕೆ ತರುವ ಕೆಲಸಕ್ಕೆ ಜವಾರಿ ತೆಗೆಯುವುದು ಎನ್ನುತ್ತಾರೆ. ನಮ್ಮ ಭಾಗದಲ್ಲಿ ಜವಾರಿ ಮೆಣಸಿನಕಾಯಿ, ಜವಾರಿ ಆಕಳು, ಜವಾರಿ ಮಾತು ಎನ್ನುವಾಗ ಬೆರಕೆಯಿಲ್ಲದ ಸ್ವಂತ ಸತ್ವವೆಂದು ಅರ್ಥ. ತಂಬೂರಿಯ ಜವಾರಿಯೂ ಅದರ ಸ್ವಂತ ಸತ್ವವೇ. ಆ ಜುಂಕಾರದಲ್ಲಿಯೇ ಒಂದು ಷಡ್ಜದೊಳಗಿಂದ ಬೇರೆ ಬೇರೆ ಉಪಸ್ವರಗಳು ಎದ್ದು ಬಂದು ಹಾಡುವವನಿಗೆ ದಾರಿ ತೋರುತ್ತವೆ.

ಇದು ಸಂಗೀತಗಾರರ ಭಾವುಕತೆಯ ಮಾತೆಂದು ಯಾರೂ ತಿಳಿಯಬಾರದು. ತಂತಿಯನ್ನು ಮೀಟಿದ ಬಿಂದುವಿನಲ್ಲಿ ಯಾವ ಉಪಸ್ವರಕ್ಕೆ ನಿಶ್ಚಲಸ್ಥಾನವಿದೆಯೋ ಆ ಉಪಸ್ವರ ಹುಟ್ಟಲಾರದೆಂಬುದು ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸ್ ಅವರ ಹೆಸರಿನಲ್ಲಿ ಪ್ರಸಿದ್ಧವಾದ ನಿಯಮ. ನಮ್ಮ ವೀಣೆ ತಂಬೂರಿಗಳು ಈ ನಿಯಮಕ್ಕೆ ಮಣಿಯುವುದಿಲ್ಲವೆಂದು, ಇದಕ್ಕೆ ಅವುಗಳ ಬಾಗಿದ ಕುದುರೆಯೇ ಕಾರಣವೆಂದು ಸರ್ ಸಿ.ವಿ. ರಾಮನ್ ಅವರು 1921ರಲ್ಲಿ ಬರೆದರು. ಹುಟ್ಟಬಾರದ ಸ್ವರವನ್ನು ಹುಟ್ಟಿಸುವ ಆ ಬಾಗನ್ನೇ ನಮ್ಮ ಬಡಿಗರು ದೋಷವೆಂದು ತಿಳಿದು ಉಜ್ಜಿಹಾಕಿದ್ದರು!

ಮೊನ್ನೆ ಮೊನ್ನೆ ಅಮೇರಿಕೆಯ ರೆಸೊನೇಟರ್ ಗಿಟಾರ್ ಎಂಬ ವಾದ್ಯದ ವಿಷಯವಾಗಿ ಓದುವಾಗ ಈ ಸಂಗತಿ ನನಗೆ ಇನ್ನಷ್ಟು ಸ್ಪಷ್ಟವಾಯಿತು. ವಿದ್ಯುತ್ತಿನಿಂದ ದನಿ ಹೆಚ್ಚಿಸುವ ಅನುಕೂಲ ಇನ್ನೂ ಬಾರದಿದ್ದ ಕಾಲದಲ್ಲಿ, ವಿನೋದರಂಗಭೂಮಿಯಲ್ಲಿ ನುಡಿಸುತ್ತಿದ್ದ ಜಾರ್ಜ್ ಬೀಚಮ್ ಎಂಬಾತನಿಗೆ ಜೋರಾದ ಗಿಟಾರು ಬೇಕಾಗಿತ್ತು. ಸ್ಲೊವಾಕಿಯದಿಂದ ಹೋಗಿ ಲಾಸ್ ಏಂಜಲೀಸಿನಲ್ಲಿ ನೆಲೆಸಿದ್ದ ಜಾನ್ ಡೋಪೇರಾ ಎಂಬ ವಾದ್ಯಗಾರ ಗಿಟಾರಿನ ಒಡಲಿನಲ್ಲಿ ಅಲ್ಯುಮಿನಿಯಮ್ಮಿನ ತೆಳುತಗಡಿನ ಶಂಕುಗಳನ್ನು ಕೂಡಿಸಿದ. 1927ರಲ್ಲಿ ಅಂಥ ಗಿಟಾರುಗಳ ತಯಾರಿಕೆ ಆರಂಭವಾಯಿತು. ನಮ್ಮ ಬುರುಡೆ ತಬಲಿಗಳು ಮಾಡುವ ಕೆಲಸವನ್ನು ಅಲ್ಲಿ ಆ ತಗಡು ಮಾಡುತ್ತದೆ. ಒಂದೇ ಶಂಕುವಿರುವ ಬಗೆಯಲ್ಲಿ ಅದರ ನೆತ್ತಿಯ ಮೇಲೆ ಮರದ ಸಣ್ಣ ಬಿಲ್ಲೆ, ಬಿಲ್ಲೆಯ ಮೇಲೆ ಕುದುರೆ. ಆ ಬಿಲ್ಲೆಗೆ ಅವರಿಟ್ಟ ಹೆಸರು ಬಿಸ್ಕತ್ತು!

ಈ ಗಿಟಾರೂ ಕೆಡುತ್ತದೆ. ವರ್ಷಗಟ್ಟಲೆ ತಂತಿಯ ಭಾರ ಹೊತ್ತು ಶಂಕು ಕುಸಿಯುತ್ತದೆ, ತಗ್ಗು ಬೀಳುತ್ತದೆ; ಕುದುರೆ ಸವೆಯುತ್ತದೆ. ಆಗ ಒಡಲನ್ನು ಎಸೆಯುವುದಿಲ್ಲ. ತಂತಿ ಬಿಚ್ಚಿ, ಮುಚ್ಚಳ ತೆಗೆದು, ಒಂಬತ್ತೂವರೆ ಇಂಚಿನದೋ ಹತ್ತೂವರೆ ಇಂಚಿನದೋ ಹೊಸ ಶಂಕುವನ್ನು ತಂದು ಕೂಡಿಸುತ್ತಾರೆ. ಬಿಸ್ಕತ್ತಿನ ಬಗೆಯ ಗಿಟಾರಿನಲ್ಲಿ ಶಂಕುವಿಗೆ ಅಂಟೂ ಇಲ್ಲ, ಮೊಳೆಯೂ ಇಲ್ಲ. ತನ್ನ ತಗ್ಗಿನಲ್ಲಿ ಸುಮ್ಮನೆ ಕುಳಿತಿರುತ್ತದೆ. ತಂತಿಗಳ ಒತ್ತಡವೇ ಅದನ್ನು ಹಿಡಿದಿಡುತ್ತದೆ. ನಮ್ಮ ತಂಬೂರಿಯ ಘೋಡಿಯೂ ಬಹುಮಟ್ಟಿಗೆ ಹೀಗೆಯೇ ನಿಲ್ಲತಕ್ಕದ್ದು. ಅಷ್ಟು ದೂರದ ಎರಡು ವಾದ್ಯಗಳು ಒಂದೇ ಪಾಠ ಹೇಳುವುದು ಸೋಜಿಗವಲ್ಲವೆ? ಆದರೆ ಒಂದು ಮುಖ್ಯ ಭೇದವುಂಟು. ಆ ಗಿಟಾರು ಜುಂಯ್ ಎಂದರೆ ಅದು ರೋಗದ ಲಕ್ಷಣ, ಕೂಡಲೇ ಬಿಚ್ಚಿ ನೋಡಬೇಕು. ತಂಬೂರಿ ಜುಂಯ್ ಎನ್ನದಿದ್ದರೆ ಅದೇ ರೋಗ. ಆದ್ದರಿಂದ ರಿಪೇರಿಯ ಮೊದಲ ಪಾಠ ಇಷ್ಟು: ಯಾವುದು ಕೇಡು, ಯಾವುದು ಪ್ರಾಣ ಎಂಬುದನ್ನು ತಿಳಿಯದೆ ಕಾನಸು ಕೈಗೆತ್ತಿಕೊಳ್ಳಬಾರದು.

ನಮ್ಮ ತಂಬೂರಿಯ ಕಥೆಗೆ ಮರಳುತ್ತೇನೆ. 2023ರಲ್ಲಿ ನಾನೂ ಸೋದರಮಾವನೂ ಅದನ್ನು ಹೊತ್ತುಕೊಂಡು ಹುಬ್ಬಳ್ಳಿಗೆ ಹೋಗಿ, ಬೆಳಗಾವಿಯ ಮಾರ್ಗವಾಗಿ ರೈಲಿನಲ್ಲಿ ಮಿರಜಕ್ಕೆ ಹೋದೆವು. ಮಿರಜ ಈಗ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿದ್ದರೂ ಕನ್ನಡ ಬಲ್ಲವರಿಗೆ ಅಲ್ಲಿ ಕೊರತೆಯಿಲ್ಲ. ಖಡ್ಗ ಮಸೆಯುತ್ತಿದ್ದ ಶಿಕಲಗಾರರ ಮನೆತನದ ಫರೀದಸಾಹೇಬರು 19ನೆಯ ಶತಮಾನದ ನಡುವಿನಲ್ಲಿ ಅಲ್ಲಿ ವಾದ್ಯ ಮಾಡುವ ಕೆಲಸ ಹಿಡಿದರು; ಇಂದಿಗೂ ಅವರ ವಂಶದವರು ಸಿತಾರಮೇಕರ್ ಎಂಬ ಅಡ್ಡಹೆಸರಿನಿಂದ ಅದನ್ನೇ ನಡೆಸುತ್ತಿದ್ದಾರೆ. ಬುರುಡೆಗಳು ಪಂಢರಪುರದ ಸೀಮೆಯಿಂದ ಬರುತ್ತವೆ. ಮಿರಜದ ತಂಬೂರಿ ಸಿತಾರುಗಳಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಕುಂದಗೋಳದ ಸವಾಯಿ ಗಂಧರ್ವರ ಗುರುಗಳಾದ ಅಬ್ದುಲ್ ಕರೀಂ ಖಾನರು ನೆಲೆಸಿದ ಊರು ಅದು. ಖಾನಸಾಹೇಬರು ಹಾಡುಗಾರಿಕೆಯಂತೆ ವಾದ್ಯಗಳ ರಿಪೇರಿಯಲ್ಲಿಯೂ ಕೈ ಪಳಗಿದವರಾಗಿದ್ದರೆಂದು ಸಂಗೀತಗಾರರಲ್ಲಿ ಮಾತಿದೆ. ಅಷ್ಟು ದೊಡ್ಡ ಗವಾಯಿಗಳಿಗೆ ಉಳಿ ಕಾನಸು ಹಿಡಿಯುವುದು ಕೀಳೆನಿಸಲಿಲ್ಲ, ಬಿ.ಎ. ಓದುವ ನಮಗೆ ಮಾತ್ರ ಅದು ಕೀಳೆನಿಸುತ್ತದೆ.

ಅಂಗಡಿಯ ಹಿರಿಯರು ತಂಬೂರಿಯನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಿನಿಂದ ಬುರುಡೆಯನ್ನು ತಟ್ಟಿ ತಟ್ಟಿ ಕೇಳಿದರು.

"ಇದನ್ನ ಯಾರು ಮಾಡ್ಯಾರ, ಬೇಟಿ?"

"ಬಾಗಿಲಾ ಮಾಡೋರು, ಚಾಚಾ" ಎಂದೆ, ನಾಚಿಕೊಂಡು.

ಅವರು ನಗಲಿಲ್ಲ. "ಛಲೋ ಕೈ ಅದ ಅವಂದು. ಆದರ ಬಾಗಿಲಾ ಗಟ್ಟಿ ಇರಬೇಕು, ತಂಬೂರಿ ಹಗುರ ಇರಬೇಕು. ಮುಂದ ಬಿಚ್ಚವರು ಒಬ್ಬರು ಬರತಾರ ಅಂತ ತಿಳದು ಅಂಟ ಹಚ್ಚಬೇಕು" ಎಂದರು.

ಅಂದು ಅವರು ತೋರಿಸಿಕೊಟ್ಟದ್ದನ್ನು ನಾನು ಮರೆಯಲಾರೆ. ವಾದ್ಯದವರು ಸಂದಿಗೆ ಹಾಕುತ್ತಿದ್ದ ಹಳೆಯ ಅಂಟು ಸರೇಸು. ಕಾಯಿಸಿ ಹಚ್ಚಿದರೆ ಹಿಡಿಯುತ್ತದೆ. ಬಿಸಿ ಮತ್ತು ತೇವ ತಗುಲಿಸಿದರೆ ಬಿಡುತ್ತದೆ. ನೆರೆಯ ನೀರಿಗೆ ನಮ್ಮ ತಂಬೂರಿಯ ಸಂದು ಬಿಟ್ಟದ್ದೂ ಇದರಿಂದಲೇ. ನಾವು ಅದನ್ನು ಅಂಟಿನ ದೋಷವೆಂದು ತಿಳಿದೆವು. ಆದರೆ ಸಂದು ಬಿಟ್ಟದ್ದರಿಂದಲೇ ದಂಡಿ ಒಡೆಯದೆ ಉಳಿದಿತ್ತು! ಕಲ್ಲಿನಂಥ ಅಂಟನ್ನು ತೆಗೆಯುವಾಗ ಮಾತ್ರ ಮರದ ಸಿಬಿರುಗಳೂ ಕಿತ್ತು ಬಂದವು. ನೆರೆ ಮಾಡಿದ ಹಾನಿಗಿಂತ ನಮ್ಮ ರಿಪೇರಿ ಮಾಡಿದ ಹಾನಿಯನ್ನು ಸರಿಪಡಿಸಲು ಅವರಿಗೆ ಹೆಚ್ಚು ದಿನ ಹಿಡಿಯಿತು. ಬುರುಡೆಯ ಸೀಳಿಗೆ ಒಳಗಿನಿಂದ ಬಟ್ಟೆಯ ಪಟ್ಟಿ ಅಂಟಿಸಿದರು. ತಬಲಿ ಹೊಸದಾಯಿತು, ಘೋಡಿ, ತಂತಿ, ಮಣಿ ಹೊಸವಾದವು. ಬುರುಡೆ, ದಂಡಿ, ಬಿರಡೆ ಹಳೆಯವೇ ಉಳಿದವು. ತಗುಲಿದ ಖರ್ಚು ಹೊಸ ತಂಬೂರಿಯ ಬೆಲೆಯ ಮೂರರಲ್ಲೊಂದು ಭಾಗವೂ ಆಗಲಿಲ್ಲ.

ಊರಿಗೆ ತಂದಾಗ ಅಜ್ಜ ಬಹಳ ಹೊತ್ತು ಮೀಟುತ್ತ ಕುಳಿತರು. ಅವರು ಸಂತೋಷದಿಂದ ಕಣ್ಣೀರಿಟ್ಟರೆಂದು ಬರೆದರೆ ಕಥೆ ಚೆಂದವಾದೀತು; ಆದರೆ ಹಾಗಾಗಲಿಲ್ಲ. "ಇದು ನನ್ನ ತಂಬೂರಿ ದನಿ ಅಲ್ಲವಾ. ಆದರ ತಂಬೂರಿ ದನಿ ಹೌದು. ಕೂಡು, ಹಾಡು" ಎಂದರು. ರಿಪೇರಿಯಿಂದ ನಿನ್ನೆಯ ದಿನ ಮರಳಿ ಬಾರದು. ಬರುವುದು ನಾಳೆ ಮಾತ್ರ. ನನಗೆ ಅಷ್ಟೇ ಸಾಕೆನಿಸಿತು.

ಈಗ ನಮ್ಮ ಕಾಲೇಜಿನ ತಂಬೂರಿಯ ವಿಷಯ. ಅದರಲ್ಲಿ ಕೆಟ್ಟದ್ದೇನು? ತಂತಿ ಹರಿದಿವೆ. ತಂತಿ ಹರಿಯುವುದಕ್ಕೇ ಇರುವ ವಸ್ತು. ಬಿರಡೆ ಕಳೆದಿದೆ, ಬಿರಡೆಯನ್ನು ಕಡೆದು ಕೂಡಿಸಬಹುದು. ಘೋಡಿ ಸವೆದಿದೆ, ದಿನವೂ ನುಡಿಸುವ ತಂಬೂರಿಗೆ ಆಗಾಗ ಜವಾರಿ ತೆಗೆಯಿಸಲೇಬೇಕು, ಏಕೆಂದರೆ ತಂತಿಯೇ ಘೋಡಿಯಲ್ಲಿ ಗೆರೆ ಕೊರೆಯುತ್ತದೆ. ಬುರುಡೆಯ ಬಿರುಕು ನಮ್ಮ ಮನೆಯ ಬುರುಡೆಯ ಬಿರುಕಿಗಿಂತ ಚಿಕ್ಕದು. ದಂಡಿ ನೆಟ್ಟಗಿದೆ, ತಬಲಿ ಸಪಾಟಾಗಿದೆ. ಇವನ್ನು ನಾನು ಕೈಯಿಂದ ಮುಟ್ಟಿ ನೋಡಿದ್ದೇನೆ. ಇದಕ್ಕೆ 'ನಿರುಪಯುಕ್ತ'ವೆಂದು ಬರೆದವರು ಬಹುಶಃ ದೂರದಿಂದ ನೋಡಿ ಬರೆದಿರಬೇಕು.

ಕೆಲವರು ಹೇಳುತ್ತಾರೆ: ವಿದ್ಯುತ್ತಿನ ತಂಬೂರಿ ಇರುವಾಗ ಇಷ್ಟೆಲ್ಲ ಗೋಜೇಕೆ? ಆ ಯಂತ್ರವನ್ನು ನಾನು ಹಳಿಯಲಾರೆ. 1970ರ ದಶಕದ ಕೊನೆಯಲ್ಲಿ ಅದನ್ನು ರೂಪಿಸಿದ ಜಿ. ರಾಜ್ ನಾರಾಯಣ್ ಅವರು ನಮ್ಮ ಬೆಂಗಳೂರಿನವರೇ, ಸ್ವತಃ ಕೊಳಲುವಾದಕರು. ಒಬ್ಬರೇ ಕುಳಿತು ಅಭ್ಯಾಸ ಮಾಡುವವರಿಗೆ, ಪ್ರವಾಸ ಮಾಡುವವರಿಗೆ ಅದು ದೊಡ್ಡ ಉಪಕಾರ. ನಾನೂ ವಸತಿಗೃಹದಲ್ಲಿ ಮೊಬೈಲಿನ ತಂಬೂರಿಯನ್ನು ಹಚ್ಚಿಕೊಂಡೇ ಹಾಡುತ್ತೇನೆ. ಆದರೆ ಗುಂಡಿ ಒತ್ತಿದರೆ ಶ್ರುತಿ ತಾನಾಗಿ ಬರುತ್ತದೆ. ಬಿರಡೆ ತಿರುವಿ, ಮಣಿ ಸರಿಸಿ, ಜೀವಾಳ ಎಳೆದು ನಾಲ್ಕು ತಂತಿಗಳನ್ನು ಒಂದುಗೂಡಿಸುವಾಗ ಕಿವಿ ಕಲಿಯುವ ಪಾಠವನ್ನು ಗುಂಡಿ ಕಲಿಸದು. ಕಾಲೇಜು ಇರುವುದು ಅನುಕೂಲಕ್ಕೋ ಕಲಿಕೆಗೋ ಎಂದು ಒಮ್ಮೆ ಯೋಚಿಸಬೇಕು. ಎರಡೂ ಇರಲಿ, ಒಂದಕ್ಕಾಗಿ ಇನ್ನೊಂದನ್ನು ಹರಾಜು ಹಾಕುವುದು ಬೇಡ.

ಇನ್ನು ಕೆಲವರದು ಹಣದ ಮಾತು. ಹೊಸದನ್ನು ಕೊಳ್ಳಲು ಒಂದು ಬಾಬತ್ತಿನಲ್ಲಿ ಹಣ ದೊರೆಯುತ್ತದೆ, ಹಳೆಯದನ್ನು ರಿಪೇರಿ ಮಾಡಿಸಲು ಯಾವ ಬಾಬತ್ತಿನಲ್ಲಿಯೂ ದೊರೆಯುವುದಿಲ್ಲ ಎನ್ನುತ್ತಾರೆ. ಇದು ತಂಬೂರಿಯ ದೋಷವಲ್ಲ, ಬಾಬತ್ತಿನ ದೋಷ. ಕೊಳ್ಳುವುದಕ್ಕೆ ದಾರಿಯಿದ್ದು ಕಾಯುವುದಕ್ಕೆ ದಾರಿಯಿಲ್ಲದ ಮನೆಯಲ್ಲಿ ಉಗ್ರಾಣ ಮಾತ್ರ ಬೆಳೆಯುತ್ತದೆ. ನಮ್ಮ ಉಗ್ರಾಣದಲ್ಲಿ ತಂಬೂರಿಯೊಂದೇ ಇಲ್ಲ. ಒಂದು ಮೊಳೆಗಾಗಿ ಕಾಯುವ ಬೆಂಚುಗಳಿವೆ, ಒಂದು ತಂತಿಗಾಗಿ ಕಾಯುವ ಪಂಖಗಳಿವೆ.

ಟೀಕಿಸುವುದು ಸುಲಭ, ಆದ್ದರಿಂದ ಮೂರು ಸೂಚನೆಗಳನ್ನೂ ಮುಂದಿಡುತ್ತೇನೆ. ಮೊದಲನೆಯದು: ಯಾವ ವಸ್ತುವಿಗೂ 'ನಿರುಪಯುಕ್ತ'ವೆಂಬ ಚೀಟಿ ಕಟ್ಟುವ ಮುಂಚೆ ಆ ಕೆಲಸ ಬಲ್ಲವರೊಬ್ಬರು ಅದನ್ನು ಮುಟ್ಟಿ ನೋಡಿ, ಕೆಟ್ಟ ಭಾಗ ಯಾವುದೆಂದು ಬರೆಯಬೇಕು. ಎರಡನೆಯದು: ರಿಪೇರಿಯಾದ ವಸ್ತುವಿಗೆ ಏನು ಬದಲಾಯಿತು, ಯಾವ ಅಂಟು ಹಾಕಿದರು, ಯಾವ ವರ್ಷ ಎಂಬುದನ್ನು ದಾಖಲೆ ಪುಸ್ತಕದಲ್ಲಿ ಬರೆದಿಡಬೇಕು. ಮುಂದೆ ಬಿಚ್ಚುವವರು ನಮಗೆ ಅಪರಿಚಿತರಾದರೂ ನಮ್ಮವರೇ. ಮೂರನೆಯದು: ವರ್ಷಕ್ಕೊಮ್ಮೆ ಒಬ್ಬ ವಾದ್ಯಗಾರರನ್ನೋ ಬಡಿಗರನ್ನೋ ನೇಕಾರರನ್ನೋ ಕಾಲೇಜಿಗೆ ಕರೆಯಿಸಿ, ಹಾರ ಹಾಕಿ ಭಾಷಣ ಮಾಡಿಸುವ ಬದಲು, ಕೆಲಸ ಮಾಡಿ ತೋರಿಸಲು ಕೇಳಿಕೊಳ್ಳಬೇಕು. ನಾವು ಸುತ್ತಲೂ ಕುಳಿತು ನೋಡಬೇಕು.

ಇಷ್ಟು ಹೇಳುವುದು ನನ್ನ ಅಧಿಕಾರವನ್ನು ಮೀರಿತೆಂದು ಗುರುಗಳಿಗೆ ತೋರಿದರೆ ಕ್ಷಮೆ ಬೇಡುತ್ತೇನೆ. ಆದರೆ ಹರಾಜಿನ ದಿನ ಇನ್ನೂ ಬಂದಿಲ್ಲ. ಯಾದಿಯಲ್ಲಿ ಒಂದು ಸಾಲನ್ನು ಹೊಡೆದುಹಾಕಲು ಒಂದು ನಿಮಿಷ ಸಾಕು. ತಂಬೂರಿಯನ್ನು ಮಿರಜಕ್ಕೆ ಒಯ್ಯುವವರು ಯಾರು ಎಂದು ಕೇಳಿದರೆ, ದಾರಿ ನನಗೆ ಗೊತ್ತಿದೆ. ರೈಲಿನಲ್ಲಿ ಅದನ್ನು ಮಲಗಿಸಬಾರದು, ತೊಡೆಯ ಮೇಲೆ ಇಟ್ಟುಕೊಳ್ಳಬೇಕು. ಅದೂ ಗೊತ್ತಿದೆ.

— ದ್ವಿತೀಯ ಬಿ.ಎ. ವಿದ್ಯಾರ್ಥಿನಿ, ಚೊಳಚಗುಡ್ಡ